ಮರಿ ಆಮೆಗೆ ಮನೆ ಕೊಟ್ಟ ಓನರ್ ಆಂಟಿ

ನಮ್ಮ ಓನರ್ ಆಂಟಿ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದರು. ಎರಡೂ ಮಂಡಿ ಸವೆದಿದ್ದವು. ಕಬ್ಬಿಣದ ಕಂಬಿ ಹಿಡಿದು ಒಂದೊಂದೇ ಪಾದ ಊರುವಾಗ ಬಳೆಗಳು ಕಂಬಿಗೆ ತಾಕಿ ಸದ್ದಾಗುತ್ತಿತ್ತು. ಅದು ಕೇಳಿದ್ದೇ ತಡ, ವಿಜಯನಗರದ ಆ ಕಟ್ಟಡದ ಬಾಡಿಗೆದಾರರೆಲ್ಲ ಬಾಗಿಲ ಮುಂದಿನ ಚಪ್ಪಲಿ ಸರಿಯಾಗಿ ಜೋಡಿಸುತ್ತಿದ್ದೆವು. ಗೋಡೆಗೆ ಮೊಳೆ ಹೊಡೆಯಬಾರದು, ಪ್ರಾಣಿ ಸಾಕಬಾರದು. ಮನೆ ಕೊಡುವಾಗಲೇ ಹೇಳಿದ್ದರು. "ಈ ಬೀದಿಯೆಲ್ಲ ನಮ್ಮಪ್ಪನ ರಾಗಿಹೊಲ ಕಣೇ" ಎನ್ನುವಾಗ ಮಾತ್ರ ದನಿ ಮೆತ್ತಗಾಗುತ್ತಿತ್ತು.

ನಾನು ಗದಗಿನಿಂದ ಮದುವೆಯಾಗಿ ಬಂದವಳು. ಏಳು ತಿಂಗಳ ಗರ್ಭ ಹೋಯಿತು. ಆಮೇಲೆ ಮಾತೂ ನಿಂತುಹೋಯಿತು. ಗಂಡನಿಗೆ ಏನೂ ತೋಚದೆ ಒಂದು ಸಂಜೆ ಬಿಸ್ಕತ್ತಿನಷ್ಟಗಲದ ಮರಿ ಆಮೆ ತಂದ. ಪ್ಲಾಸ್ಟಿಕ್ ತೆಂಗಿನಮರ ನಿಲ್ಲಿಸಿದ್ದ ಪುಟ್ಟ ಡಬ್ಬಿಯಲ್ಲಿ ಅದು ದಿನವಿಡೀ ಅಂಚು ಕೆರೆಯುತ್ತಿತ್ತು. ಆಂಟಿಗೆ ಕಾಣದಿರಲೆಂದು ಸಿಂಕಿನ ಕೆಳಗೆ ಇಟ್ಟೆವು.

ನಲ್ಲಿ ಸೋರುತ್ತದೆಂದು ನೋಡಲು ಬಂದ ಆಂಟಿ ಡಬ್ಬಿ ನೋಡಿಬಿಟ್ಟರು. ಇನ್ನು ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ. ಅವರು ಸ್ಟೂಲ್ ಎಳೆದು ಕೂತು ಬಗ್ಗಿದರು.

"ಇದರ ಮನೆ ಇಷ್ಟೇನೇ?"

"ಅಂಗಡ್ಯಾಗ ಇದರಾಗೇ ಕೊಟ್ಟಾರ‍್ರೀ ಆಂಟಿ."

"ಅವನು ಮಾರೋನು. ಸಾಕೋಳು ನೀನು. ತಿರುಗೋಕೆ ಜಾಗ ಇಲ್ಲ, ಹತ್ತಿ ಕೂರೋಕೆ ಕಲ್ಲಿಲ್ಲ, ಕತ್ತಲೇಲಿ ಬೇರೆ ಇಟ್ಟಿದೀಯ. ನಡಿ, ಸೀರೆ ಬದಲಾಯಿಸ್ಕೊಂಡ್ ಬರ್ತೀನಿ."

ಆಟೋದಲ್ಲಿ ಮಾರ್ಕೆಟ್ಟಿಗೆ ಹೋದೆವು. ಎತ್ತರದ ಗಾಜಿನ ತೊಟ್ಟಿ ತೋರಿಸಿದ ಅಂಗಡಿಯವನಿಗೆ ಆಂಟಿ, "ಅದು ನೋಡೋರಿಗೆ ಚೆಂದ. ನಮ್ಮದು ಈಜಬೇಕು, ಉದ್ದಂದು ಕೊಡಪ್ಪ" ಎಂದರು. ಫಿಲ್ಟರ್, ಬೆಚ್ಚಗಿಡುವ ಲ್ಯಾಂಪೂ ಬಂದವು. ಮನೆಗೆ ಬಂದು ನನ್ನ ಮೊಬೈಲಿನಲ್ಲಿ ವಿಡಿಯೋ ಹಾಕಿಸಿಕೊಂಡು ನೋಡಿದರು. ನಲ್ಲಿಯ ಕಾವೇರಿ ನೀರನ್ನು ಕ್ಲೋರಿನ್ ವಾಸನೆ ಹೋಗುವವರೆಗೆ ಬಕೆಟ್ಟಿನಲ್ಲಿ ಬಿಟ್ಟು, ಮರಿ ಕತ್ತು ಚಾಚಿದರೆ ಮೂಗು ಮೇಲೆ ಬರುವಷ್ಟೇ ತುಂಬಿಸಿದೆವು. ಅರ್ಧ ಮುಳುಗುವಂತೆ ಹಳೆಯ ಹೆಂಚೊಂದನ್ನು ಓರೆಯಾಗಿ ಇಟ್ಟರು. ಮರಿ ಹತ್ತಿತು, ಜಾರಿತು. ಮತ್ತೆ ಹತ್ತಿತು, ಜಾರಿತು. "ಪಾಪಿ ಹೆಂಚು" ಎಂದು ಅದನ್ನೆತ್ತಿ, ಒರಟು ಕಲ್ಲು ಹುಡುಕಿ ತಂದಿಟ್ಟರು. ಮರಿ ಮೇಲೇರಿ, ಲ್ಯಾಂಪಿನ ಕೆಳಗೆ ಹಿಂಗಾಲು ಚಾಚಿ ಮಲಗಿತು. ನಾನು ನಕ್ಕೆನಂತೆ. ಬಾಗಿಲಲ್ಲಿ ನಿಂತು ನೋಡಿದ್ದ ಗಂಡ ಆಮೇಲೆ ಹೇಳಿದ.

ಚಿಪ್ಪು ಇನ್ನೂ ಮೆತ್ತಗಿತ್ತು, ನಿಜವಾದ ಬಿಸಿಲೇ ಬೇಕಿತ್ತು. ಬೆಳಗ್ಗೆ ಟಬ್ಬಿನಲ್ಲಿ ಟೆರೇಸಿಗೆ ಒಯ್ಯತೊಡಗಿದೆ. ಒಮ್ಮೆ ಹದ್ದೊಂದು ತಲೆಯ ಮೇಲೆಯೇ ಸುತ್ತಿ ಕೆಳಗಿಳಿಯಿತು. ನಾನು ಕಿರುಚಿದೆ. ಅಂದಿನಿಂದ ಆಂಟಿ ಆ ಮಂಡಿಗಳಲ್ಲೇ ಮೇಲೆ ಹತ್ತಿ ಬಂದು, ಕಪ್ಪು ಕೊಡೆ ಬಿಚ್ಚಿ ಪಕ್ಕದಲ್ಲಿ ಕೂರುತ್ತಿದ್ದರು. ಅರ್ಧ ಟಬ್ಬಿಗೆ ನೆರಳು, ಅರ್ಧಕ್ಕೆ ಬಿಸಿಲು, ತಮಗೆ ಪೂರ್ತಿ ಬಿಸಿಲು.

ಹಾಗೆ ಕೂತಿದ್ದಾಗ ಒಂದು ದಿನ ನನ್ನತ್ತ ನೋಡದೆಯೇ ಹೇಳಿದರು: "ನನ್ನದೂ ಒಂದು ಹೋಯ್ತು. ಹೆಣ್ಣು. ಅಳ್ಬೇಡ, ಇನ್ನೊಂದಾಗುತ್ತೆ ಅಂದ್ರು ಎಲ್ಲ. ಆಯ್ತು, ಎರಡು ಗಂಡಾಯ್ತು. ಅವಳು ಅವಳೇ ಅಲ್ವೇನೇ? ನೀನು ಅಳು ಕಣೇ. ಇಲ್ಲಿ ಯಾರೂ ಬರಲ್ಲ."

ಅತ್ತುಬಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತೆ. ಅವರು ಕೊಡೆ ಹಿಡಿದ ಕೈ ಬದಲಿಸಿದರೇ ಹೊರತು ಸಮಾಧಾನ ಹೇಳಲಿಲ್ಲ.

ಚಿಪ್ಪು ಗಟ್ಟಿಯಾಯಿತು. ಕೆಲವು ವರ್ಷಗಳಲ್ಲಿ ಆಂಟಿಯ ಹೃದಯ ಸೋತಿತು. ಆಸ್ಪತ್ರೆಯಲ್ಲಿ ನನ್ನನ್ನು ಕಂಡು ಮಾಸ್ಕ್ ಸರಿಸಿ, "ತಿಂತಾ ಅದು?" ಎಂದರು.

"ತಿಂತೈತ್ರೀ."

"ನೀನು?"

ಇನ್ನೂ ಇಲ್ಲ ಎಂದೆ, ಸುಳ್ಳು ಹೇಳಲಾಗಲಿಲ್ಲ. ತಮ್ಮ ತಟ್ಟೆಯ ಇಡ್ಲಿಯನ್ನು ನನ್ನತ್ತ ತಳ್ಳಿ, ಮುಗಿಯುವವರೆಗೂ ನೋಡುತ್ತಿದ್ದರು. ಆ ವಾರವೇ ಹೋದರು.

ಅವರ ಮಕ್ಕಳು ಕಟ್ಟಡವನ್ನು ಬಿಲ್ಡರಿಗೆ ಕೊಟ್ಟರು. ನಾವು ಕೆಂಗೇರಿಗೆ ಬಂದೆವು. ಆಮೆ ಈಗ ಊಟದ ತಟ್ಟೆಯಷ್ಟಗಲ. ಅದರ ತೊಟ್ಟಿ ನಮ್ಮ ಹಾಲಿನ ಒಂದು ಗೋಡೆಯುದ್ದಕ್ಕೂ ಇದೆ. ನಮಗೆ ಮಕ್ಕಳಾಗಲಿಲ್ಲ. ಇಲ್ಲಿಯ ನೆರೆಯವರು ಒಳ್ಳೆಯವರೇ, ಎದುರಾದರೆ ನೀರು ಬಂತಾ, ಮೆಟ್ರೋ ರಶ್ ಇತ್ತಾ ಎಂದು ವಿಚಾರಿಸುತ್ತಾರೆ. ಉಂಡೆಯೇನೇ ಎಂದು ಗದರಿಸಿ ಕೇಳುವವರಿಲ್ಲ. ಕೆಲವು ಮಧ್ಯಾಹ್ನ ಅನ್ನ ಬಡಿಸಿಕೊಂಡು ಸುಮ್ಮನೆ ಕೂತಿರುತ್ತೇನೆ. ಆಮೇಲೆ, ಆಂಟಿ ನೋಡುತ್ತಿದ್ದಾರೆ ಎಂದುಕೊಂಡು ತಿನ್ನುತ್ತೇನೆ.