ಮಾವ ಕಾಪಿ ಹೊಡೆದ ಕಾನೂನು

ನನ್ನ ಸೋದರಮಾವನಿಗೆ ನಾವು ಇಟ್ಟ ಅಡ್ಡಹೆಸರು ‘ಘನತೆ’. ಮಾತೆತ್ತಿದರೆ ದೇಶದ ಘನತೆ, ಇಲಾಖೆಯ ಘನತೆ. ಅವನು ಕಾನೂನು ಇಲಾಖೆಯಲ್ಲಿ ಕರಡು ಬರೆಯುವ ಅಧಿಕಾರಿ. ಬರೆಯುವುದೆಂದರೆ, ಸಿರಿವಂತ ದೇಶವೊಂದರ ಕಾನೂನನ್ನು ತರಿಸಿ, ಅವರ ಹೆಸರಿದ್ದ ಕಡೆಯೆಲ್ಲ ನಮ್ಮ ಹೆಸರು ಅಂಟಿಸುವುದು. ಅವನ ಮೇಜಿನ ಮೇಲೆ ಪೆನ್ನಿಗಿಂತ ಮುಂದೆ ಕತ್ತರಿ ಮತ್ತು ಗೋಂದಿನ ಡಬ್ಬಿ ಇರುತ್ತಿದ್ದವು.

ಈ ಮಹಾಶಯನಿಗೆ ಲಾ ಓದಿಸಿದವಳು ಅವನ ಅಕ್ಕ, ನನ್ನ ಅಮ್ಮ. ಹೊಲಿಗೆ ಯಂತ್ರ ತುಳಿದೇ ಓದಿಸಿದಳು. ಈಗ ಅವಳಿಗೆ ರಕ್ತದ ಕಾಯಿಲೆ. ದಿನವೂ ಗುಳಿಗೆ ನುಂಗಿದರೆ ಯಂತ್ರದ ಮುಂದೆ, ತಪ್ಪಿದರೆ ಹಾಸಿಗೆಯಲ್ಲಿ. ಗುಳಿಗೆ ಕಂಡುಹಿಡಿದದ್ದು ಹೊರದೇಶದ ಕಂಪನಿ. ಅದನ್ನೇ ನಮ್ಮೂರ ಕಾರ್ಖಾನೆ ತಯಾರಿಸಿ ಅಗ್ಗಕ್ಕೆ ಮಾರುತ್ತಿತ್ತು.

ಕಂಡುಹಿಡಿದವರ ಅಪ್ಪಣೆಯಿಲ್ಲದೆ ಬೇರೆಯವರು ತಯಾರಿಸುವಂತಿಲ್ಲ ಎನ್ನುವ ಹೊಸ ಪೇಟೆಂಟ್ ಕಾನೂನು ಬಂದರೆ ಬಂಡವಾಳ ಹರಿದು ಬರುತ್ತದೆ, ದೇಶ ಉದ್ಧಾರವಾಗುತ್ತದೆ ಎಂದರು ಮೇಲಿನವರು. ಕೆಲಸ ಘನತೆಯ ಪಾಲಿಗೆ ಬಂತು. ತರಿಸಿದ ಕಾನೂನಿನಲ್ಲಿ ಒಂದು ಸೆಕ್ಷನ್ ಇತ್ತು: ಜನರ ಜೀವದ ಪ್ರಶ್ನೆ ಬಂದಾಗ, ಕಂಪನಿ ಒಪ್ಪದಿದ್ದರೂ, ಔಷಧ ತಯಾರಿಸಲು ಸರ್ಕಾರ ಬೇರೆ ಕಾರ್ಖಾನೆಗೆ ಅನುಮತಿ ಕೊಡಬಹುದು. ಮಾವ ಅದನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ಮನೆಗೆ ಬಂದು ಎದೆಯುಬ್ಬಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

“ಅದನ್ನ ಇಟ್ಕೊಂಡ್ರೆ ಭಿಕ್ಷೆಗೆ ನಿಂತವರ ಥರ ಕಾಣ್ತೀವಿ ಅಕ್ಕಾ. ನಮ್ಮ ಕಾನೂನು ಅವರದಕ್ಕಿಂತ ಬಿಗಿಯಾಗಿರ್ಬೇಕು.”

ಆಯಿತು, ಬಿಗಿಯಾಯಿತು. ಕಾರ್ಖಾನೆಗೆ ಬೀಗ ಬಿತ್ತು. ಬಂಡವಾಳ ಇತ್ತ ತಲೆ ಹಾಕಿಯೂ ಮಲಗಲಿಲ್ಲ. ಔಷಧದಂಗಡಿಗೆ ಮಾತ್ರ ಹೊರದೇಶದ ಡಬ್ಬಿ ಬಂತು, ಬೆಲೆ ಕೇಳಿದರೆ ಎದೆ ಝಲ್ಲೆನ್ನುವಂಥದ್ದು. ಅಮ್ಮ ಗುಳಿಗೆಯನ್ನು ಅರ್ಧ ಮಾಡಿ ನುಂಗತೊಡಗಿದಳು. ಆಮೇಲೆ ಹಾಸಿಗೆ ಹಿಡಿದಳು.

ಆಗ ಘನತೆ ಗಾಳಿಗೆ ಹೋಯಿತು. ಆ ಸಿರಿವಂತ ದೇಶದಿಂದ ಕರಡಿನ ಮಾತುಕತೆಗೆ ಬಂದಿದ್ದ ಸಲಹೆಗಾರನ ಮುಂದೆ ಮಾವ ಹಲ್ಲುಗಿಂಜುತ್ತ ನಿಂತ, ಏನಾದರೂ ವಿನಾಯಿತಿ ಕೊಡಿಸಿ ಎಂದು. ಸಲಹೆಗಾರ ಹುಬ್ಬೇರಿಸಿದನಂತೆ.

“ಅದಕ್ಕೇ ಅಂತ ಒಂದು ಸೆಕ್ಷನ್ ಇತ್ತಲ್ಲ, ಯಾಕೆ ಬಿಟ್ರಿ? ನೀವು ಕೇಳೇ ಕೇಳ್ತೀರ ಅಂತ ನಾವು ಒಪ್ಪೋಕೆ ತಯಾರಾಗಿ ಬಂದಿದ್ವಿ.”

ಸಂಜೆ ಮಾವ ಅಮ್ಮನ ಪಕ್ಕ ಕೂತು ಇದೆಲ್ಲವನ್ನೂ ಒಪ್ಪಿಸಿದ. ತಿದ್ದುಪಡಿ ತರ್ತೀನಿ, ಒಂದೆರಡು ವರ್ಷ ಹಿಡಿಯುತ್ತೆ ಎಂದ. ಅಮ್ಮ ದಿಂಬಿನಿಂದ ತಲೆ ಎತ್ತದೆಯೇ ಕೇಳಿದಳು.

“ಅಲ್ವೋ, ಅಷ್ಟು ಓದಿಸಿದೆ ನಿನ್ನ. ಕಾಪಿನಾದ್ರೂ ನೆಟ್ಟಗೆ ಹೊಡೀಬಾರ್ದಿತ್ತಾ?”