ನಲವತ್ತೆರಡನೇ ಪುಟ ಹುಡುಕಿ ಹೋದ ಮುಮ್ತಾಜಬಿ

ಒಮ್ಮೆ ಬಡಿದ ಪುಸ್ತಕವನ್ನೇ ಮುಮ್ತಾಜಬಿ ಮತ್ತೊಮ್ಮೆ ಬಡಿಯುತ್ತಿದ್ದಾರೆ. ಒಂದೇ ಏಟಿಗೆ ಬಿಟ್ಟುಹೋಗುವ ಧೂಳಲ್ಲ ಅದು. ಬೇಡದ ನೆಂಟರ ಹಾಗೆ, ಎದ್ದು ಹೊರಟಂತೆ ಮಾಡಿ ತಿರುಗಿ ಬಂದು ಅಲ್ಲೇ ಕೂರುತ್ತದೆ. ಬೆಳಗಿನ ಆರೂವರೆ. ಅಗಡಿಯಿಂದ ಮೊದಲ ಬಸ್ಸು ಹಿಡಿದು ಬಂದವರು, ಹಾವೇರಿಯ ಈ ಕಾನೂನು ಕಾಲೇಜಿನ ಗ್ರಂಥಾಲಯದ ಹಿಂದಿನ ಕಟ್ಟೆಯ ಮೇಲೆ ತೀರ್ಪುಗಳ ದಪ್ಪ ಸಂಪುಟಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದಾರೆ. ಒಂದೊಂದನ್ನೂ ತೆರೆಯುವುದು, ಜಾಡಿಸುವುದು, ಒಳಗಿನ ಹುಳಕ್ಕೆ ನಾಲ್ಕು ಬೈಗುಳ ಕೊಡುವುದು, ಬದಿಗಿಡುವುದು.

ಏಳನೆಯ ಸಂಪುಟದಲ್ಲಿ ಕೈ ನಿಲ್ಲುತ್ತದೆ. ಸೊಂಟದ ಸಂಚಿಯಿಂದ ಒಂದು ಚೀಟಿ ಹೊರಬರುತ್ತದೆ. ಒಂದು ಬೆರಳು ಚೀಟಿಯ ಮೇಲೆ, ಇನ್ನೊಂದು ಪುಟದ ಮೇಲೆ. ಎರಡೂ ಜೋಡೆತ್ತಿನಂತೆ ಸಾಲು ಹಿಡಿದು ಸಾಗುತ್ತವೆ. ಅರ್ಧ ಹಾದಿಯಲ್ಲಿ ಒಂದೆತ್ತು ನಿಂತುಬಿಡುತ್ತದೆ.

"ಸಿಕ್ಕಿ ನೋಡು," ಎನ್ನುತ್ತಾರೆ ಪುಸ್ತಕಕ್ಕೆ. "ಲೇಖನ ಬರದ ಹುಡುಗ ನಿನ್ನ ಮುನ್ನೂರಾ ಹನ್ನೆರಡರಾಗ ಹುಡುಕಾಕತ್ತಾನ. ನೀ ಇಲ್ಲಿ ಮುನ್ನೂರಾ ಇಪ್ಪತ್ತೊಂದರಾಗ ಆರಾಮ ಕುಂತೀದಿ."

ಈ ಕಾಲೇಜಿನ ವಿದ್ಯಾರ್ಥಿಗಳು ತಾವೇ ಬರೆದು, ತಾವೇ ತಿದ್ದಿ, ವರ್ಷಕ್ಕೊಮ್ಮೆ ಹೊರತರುವ ಕಾನೂನು ಪತ್ರಿಕೆಯ ಹೆಸರು 'ಕಟಕಟೆ'. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. 2001ರಿಂದ ಐದು ಅಂಕ ಬಂದಿವೆ. ಆರನೆಯದು ಈಗ, 2007ರ ಮಾರ್ಚ್ ತಿಂಗಳಲ್ಲಿ, ಅಚ್ಚಿನ ಮನೆಯ ಹೊಸ್ತಿಲಲ್ಲಿ ನಿಂತಿದೆ. ಕಾನೂನಿನ ಬರಹದಲ್ಲಿ ಯಾವ ಮಾತನ್ನೂ ಸುಮ್ಮನೆ ಹೇಳುವಂತಿಲ್ಲ. ಯಾವ ಪುಸ್ತಕ, ಯಾವ ಪುಟ, ಯಾರ ತೀರ್ಪು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ ಕೊಡಬೇಕು. ಆ ಅಡಿಟಿಪ್ಪಣಿ ನಿಜವೋ ಅಲ್ಲವೋ ಎಂದು ಮೂಲವನ್ನು ಕಣ್ಣಾರೆ ನೋಡಿ ಬರುವವರು, ನಾಲ್ಕನೇ ಇಯತ್ತೆ ಓದಿದ, ಐವತ್ಮೂರು ವರ್ಷದ, ದಿನಗೂಲಿಯ ಅಟೆಂಡರ್ ಮುಮ್ತಾಜಬಿ.

ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿದ್ದಲ್ಲ. ಮೊದಲ ಅಂಕ ಬಂದ ವರ್ಷ ಒಬ್ಬ ಹೊಸ ವಕೀಲರು ಅದರಲ್ಲಿದ್ದ ತೀರ್ಪೊಂದನ್ನು ನಂಬಿ ಮನೆ ಪಾಲಿನ ಕೇಸಿನಲ್ಲಿ ಜೋರಾಗಿ ವಾದ ಮಾಡಿದರು. ನ್ಯಾಯಾಧೀಶರು ಪುಟ ತೆಗೆಸಿ ನೋಡಿದರೆ ಅಲ್ಲಿದ್ದದ್ದು ಎಮ್ಮೆ ಹಾಯ್ದ ಕೇಸು. ಇನ್ನು ಮುಂದೆ ಕಣ್ಣಾರೆ ನೋಡದೆ ಒಂದು ಅಡಿಟಿಪ್ಪಣಿಯೂ ಅಚ್ಚಾಗಬಾರದೆಂದು ಪ್ರಾಂಶುಪಾಲರು ಗುಡುಗಿದರು. ಅವರು ಗುಡುಗಿದ್ದು ಸಂಪಾದಕರ ಮೇಲೆ. ಸಂಪಾದಕರಿಗೆ ಪರೀಕ್ಷೆ ಇತ್ತು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆಯೆಂದು ಗೊತ್ತಿದ್ದದ್ದು ಮುಮ್ತಾಜಬಿಗೆ ಮಾತ್ರ. ಅಷ್ಟೇ, ಗುಡುಗಿದ್ದು ಒಂದು ಕಡೆ, ಮಳೆ ಇನ್ನೊಂದು ಕಡೆ.

"ಇಂಗ್ಲಿಷ್ ಓದಾಕ ಬರೂದಿಲ್ಲರಿ ನನಗ, ನೋಡಾಕ ಬರತೈತಿ," ಎನ್ನುತ್ತಾರೆ. "ಓದೋರು ತಪ್ಪತಾರ. ಮುಂದ ಏನೈತಿ ಅಂತ ಅವರಿಗೆ ಮೊದಲ ಗೊತ್ತಿರತೈತಿ, ಓಡಿಬಿಡತಾರ. ನನಗ ಏನೂ ಗೊತ್ತಿಲ್ಲ. ಅದಕ್ಕ ಒಂದೊಂದ ಅಕ್ಷರಾನೂ ನಿಂದರಿಸಿ ಮಾರಿ ನೋಡತೇನಿ."

ಒಂದು ಅಂಕಕ್ಕೆ ಸುಮಾರು ಇನ್ನೂರು ಅಡಿಟಿಪ್ಪಣಿ. ದಿನಕ್ಕೆ ಹತ್ತು ನೋಡಿದರೆ ಎರಡರಲ್ಲಾದರೂ ಎಡವಟ್ಟು. ಪುಸ್ತಕ ಇಲ್ಲಿ ಸಿಗದಿದ್ದರೆ ಚೀಟಿ ಸಂಚಿಗೆ ಸೇರಿಸಿ ಬಸ್ಸು ಹತ್ತುತ್ತಾರೆ. ಇದುವರೆಗೆ ರಾಣೆಬೆನ್ನೂರಿಗೆ ಹದಿನೆಂಟು ಸಲ, ಬ್ಯಾಡಗಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ಮಾಡಿ ಹೊರಬಂದ ಪತ್ರಿಕೆಯನ್ನು ಓದುವವರು ಎಷ್ಟು ಜನ ಎಂದು ಕೇಳಿದರೆ ಬೆರಳು ಮಡಚುತ್ತಾರೆ. "ಬರದೋರು ತಮ್ಮದು ತಾವು ಓದತಾರ. ಅವರ ಅವ್ವ-ಅಪ್ಪ ಫೋಟೋ ನೋಡತಾರ. ಪೂರಾ ಓದಾಕಿ ನಾನೊಬ್ಬಾಕಿ. ನನಗ ತಿಳಿಯೂದಿಲ್ಲ."

ಹುಟ್ಟೂರು ಬ್ಯಾಡಗಿ. ಗಂಡ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅಲ್ಲಿನ ಮೆಣಸಿನಕಾಯಿ ಅಂಗಳಗಳಲ್ಲಿ ಹದಿನಾರು ವರ್ಷ ತೊಟ್ಟು ಮುರಿದರು, ಕಸ ಗುಡಿಸಿದರು. ಸಂಜೆಗೆ ಕೈ ಎಷ್ಟು ಉರಿಯುತ್ತಿತ್ತೆಂದರೆ ಮಗಳು ಅತ್ತರೆ ಕಣ್ಣೊರೆಸುವಂತಿರಲಿಲ್ಲ, ಮೊಣಕೈಯಿಂದ ಒರೆಸುತ್ತಿದ್ದರು. ಕೆಮ್ಮು ಎದೆಗೆ ಹತ್ತಿದ ಮೇಲೆ ಅದನ್ನು ಬಿಟ್ಟು ಮಗಳ ಊರಾದ ಅಗಡಿಗೆ ಬಂದು ಈ ಕೆಲಸ ಹಿಡಿದರು. ಹನ್ನೊಂದು ವರ್ಷವಾಯಿತು. ಇನ್ನೂ ಖಾಯಂ ಆಗಿಲ್ಲ. ಖಾಯಂ ಮಾಡುವ ಕಾಗದ ಒಂದೂವರೆ ವರ್ಷದಿಂದ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರ ಮೇಜಿನ ಮೇಲೆ ಸಹಿಗೆ ಕಾದಿದೆ. ಆ ಅಧ್ಯಕ್ಷರು ರಾಣೆಬೆನ್ನೂರಿನ ನಿವೃತ್ತ ವಕೀಲರಾದ ಅಣ್ಣಾಜಿಯವರು.

ಆರನೆಯ ಅಂಕ ನಿಂತಿರುವುದೂ ಇದೇ ಅಣ್ಣಾಜಿಯವರ ಲೇಖನದಿಂದ.

ಕಳೆದ ಜೂನ್‌ನಲ್ಲಿ ಬಂದ ಲೇಖನ ಅದು. ಮೆಣಸಿನಕಾಯಿ ಚೀಲ ಏರಿಸುವಾಗ, ಇಳಿಸುವಾಗ ನೆಲಕ್ಕೆ ಉದುರಿದ ಕಾಯಿ ಯಾರಿಗೆ ಸೇರಬೇಕು ಎಂಬುದು ವಿಚಾರ. ಚೀಲದ ಒಡೆಯನಿಗೇ ಸೇರಬೇಕು ಎಂದು ವಕೀಲರು ಇಪ್ಪತ್ತು ಪುಟ ವಾದಿಸಿದ್ದಾರೆ. ಆಧಾರ, ಹನ್ನೊಂದನೇ ಅಡಿಟಿಪ್ಪಣಿ: ಕದರಮಂಡಲಗಿಯ ಪಂಚರು 1961ರಲ್ಲಿ ಕೊಟ್ಟ ತೀರ್ಪು, ಪಂಚರ ಪುಸ್ತಕ, ಪುಟ ನಲವತ್ತೆರಡು. ಶ್ರಾವಣದ ಒಂದು ದಿನ ಮುಮ್ತಾಜಬಿ ಚೀಟಿ ಸಂಚಿಗೆ ಹಾಕಿಕೊಂಡು ಕದರಮಂಡಲಗಿಯಲ್ಲಿ ಇಳಿದರು.

ಪಂಚರ ಪುಸ್ತಕ ಇದ್ದದ್ದು ಅಜ್ಜಪ್ಪ ಎಂಬ ಹಿರಿಯರ ಮನೆಯಲ್ಲಿ. ಆತ ಪುಸ್ತಕ ತೆಗೆಯುವ ಮೊದಲೇ ಊರಿಗೆ ಸುದ್ದಿ ಮುಟ್ಟಿತ್ತು: ಕಾನೂನು ಕಾಲೇಜಿನವರು ಹಳೇ ತೀರ್ಪು ತಿರುಗಿ ತೆಗೆಯಲು ಬಾಯಾರನ್ನು, ಅಂದರೆ ಮೇಡಂ ಒಬ್ಬರನ್ನು, ಕಳಿಸಿದ್ದಾರೆ! ರೊಟ್ಟಿ-ಪಲ್ಲೆ ಊಟ ಮುಗಿಯುವಷ್ಟರಲ್ಲಿ ಪಡಸಾಲೆಯಲ್ಲಿ ಆರು ಜನ ಕುಳಿತಿದ್ದರು, ಎಲ್ಲರೂ ಹಿಂದೊಮ್ಮೆ ಪಂಚರ ಮುಂದೆ ಸೋತವರೇ.

"ಬಾಯಾರ, ಎಪ್ಪತ್ನಾಕರಾಗ ನನ್ನ ಆಡು ಹೋತ್ರಿ," ಎಂದು ತಿರಕಪ್ಪ ಎಂಬ ಮುದುಕ ಮುಂದೆ ಸರಿದ. "ಮೂವತ್ತಾರನೇ ಪುಟ. ಅದು ಐತೋ ಹೋಗೇತೋ ಸ್ವಲ್ಪ ನೋಡ್ರಿ."

ಮುಮ್ತಾಜಬಿ ತೆಗೆದು ನೋಡಿದರು. "ಐತ್ರಿ ಯಜಮಾನ್ರ. ಗಟ್ಟಿ ಐತಿ."

"ಇರ್ಲಿ ಬಿಡ್ರಿ. ಇಲಿ ತಿಂದಿದ್ರ ಮತ್ತ ಕೇಳೂಣು ಅಂತ ಬಂದಿದ್ದೆ," ಎಂದು ತಿರಕಪ್ಪ ಟವೆಲ್ಲು ಕೊಡವಿ ಎದ್ದ.

ನಲವತ್ತೆರಡನೇ ಪುಟ ಮಾತ್ರ ಸಿಗಲಿಲ್ಲ. ಪುಸ್ತಕ ಮೂವತ್ತೆಂಟಕ್ಕೇ ಮುಗಿಯುತ್ತದೆ. ಹರಿದದ್ದೂ ಅಲ್ಲ, ಕೊನೆಯ ಹಾಳೆಯಲ್ಲಿ ಪಂಚರು ಮಂಗಳ ಹಾಡಿ ಸಹಿ ಹಾಕಿದ್ದಾರೆ. ಆದರೆ ಮುಮ್ತಾಜಬಿ ಅಷ್ಟಕ್ಕೆ ಏಳುವವರಲ್ಲ. ಮೊದಲ ಪುಟದಿಂದ ಬೆರಳಿಟ್ಟರು. ಮೂವತ್ತೊಂದರಲ್ಲಿ ಸಿಕ್ಕಿತು 1961ರ ತೀರ್ಪು: 'ಚೀಲದೊಳಗೆ ಇದ್ದದ್ದು ಚೀಲದವನದು. ನೆಲಕ್ಕೆ ಬಿದ್ದದ್ದು ಗುಡಿಸಿದವಳದು. ಚೀಲ ಚುಚ್ಚಿ ಬೀಳಿಸಿದರೆ ದಂಡ.'

ಅಜ್ಜಪ್ಪ ತಲೆಯಾಡಿಸಿದ. "ಅಣ್ಣಾಜಿ ವಕೀಲ್ರು ಇದನ್ನ ಎಷ್ಟ ಭಾಷಣದಾಗ ಹೇಳ್ಯಾರೋ. ಒಮ್ಮೆನೂ ಪುಸ್ತಕ ನೋಡಾಕ ಬಂದಿಲ್ಲ. ಹೇಳತಾ ಹೇಳತಾ ಮೆಣಸಿನಕಾಯಿ ಆ ಕಡಿಂದ ಈ ಕಡಿಗೆ ಉರುಳೇತಿ ನೋಡವಾ."

ಅಂಗಳ ಗುಡಿಸಿ ಬದುಕಿದ ಮುಮ್ತಾಜಬಿಗೆ ಅದು ನಗುವ ಮಾತಾಗಿರಲಿಲ್ಲ. ಉದುರಿದ ಆ ಕಾಯಿಯಲ್ಲಿ ಅವರ ಮನೆಯ ಎಷ್ಟೋ ಸಂಜೆಯ ಸಾರು ಕುದಿದಿತ್ತು. ಮೂವತ್ತೊಂದನೇ ಪುಟವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ಅಜ್ಜಪ್ಪನ ಸಹಿ ಹಾಕಿಸಿಕೊಂಡು ಬಂದರು.

ಇನ್ನೇನು, ಅಣ್ಣಾಜಿಯವರಿಗೆ ಒಂದು ಪತ್ರ ಬರೆದರೆ ಮುಗಿಯಿತು. ಅಲ್ಲೇ ಏಳು ತಿಂಗಳು ಕಳೆದದ್ದು.

ಪತ್ರ ಬರೆಯಲು ಮೊದಲು ಕುಳಿತವರು ಸಂಪಾದಕ ನಂದನ. ಸಂಬೋಧನೆಯೇ ಅರ್ಧ ಪುಟ ನುಂಗಿತು. ಹೊಗಳಿಕೆ ಎಷ್ಟು ಏರಿತೆಂದರೆ ಕೊನೆಗೆ, 'ತಮ್ಮ ಹನ್ನೊಂದನೇ ಅಡಿಟಿಪ್ಪಣಿಯೂ ಅಮೋಘವಾಗಿದೆ' ಎಂದು ಮುಗಿಯಿತು. ಸಹಸಂಪಾದಕಿ ಸುಧಾರಾಣಿ ಅದನ್ನು ಹರಿದು ತಾವು ಬರೆದರು. ಅದು ನೋಟೀಸಿನಂತಾಯಿತು, ಹದಿನೈದು ದಿನದೊಳಗೆ ಉತ್ತರಿಸದಿದ್ದರೆ ಏನಾಗುವುದೆಂದೂ ಇತ್ತು. ಮೂರನೆಯದರಲ್ಲಿ ಬರೀ ಆರೋಗ್ಯ ವಿಚಾರಿಸಿದರು. ಪ್ರತಿ ಕರಡುಪತ್ರಕ್ಕೂ ಶುಭಾಶಯ ಒಂದು ಬೇಕೇ ಬೇಕು. ದೀಪಾವಳಿಯ ಶುಭಾಶಯ ಬರೆದ ಪತ್ರ ಸಂಕ್ರಾಂತಿಗೆ ಹಳಸಿತು, ಸಂಕ್ರಾಂತಿಯದು ಶಿವರಾತ್ರಿಗೆ. ಪರೀಕ್ಷೆ ಮುಗಿದರೆ ಇಬ್ಬರೂ ಕಾಲೇಜು ಬಿಡುವವರು. ಪತ್ರ ಮಾತ್ರ ಮೇಜಿನ ಖಾನೆ ಬಿಡಲಿಲ್ಲ.

ಹೆದರಿಕೆ ಅಣ್ಣಾಜಿಯವರ ಸಿಟ್ಟಿನದಷ್ಟೇ ಅಲ್ಲ. ಕದರಮಂಡಲಗಿಗೆ ಹೋಗಿ ತಪ್ಪು ಹಿಡಿದವರು ಯಾರೆಂದು ಅವರು ಕೇಳಿಯೇ ಕೇಳುತ್ತಾರೆ. ಹೆಸರು ತಿಳಿದರೆ ಮೇಜಿನ ಮೇಲಿನ ಕಾಗದದ ಗತಿಯೇನು?

ಈ ದಿನ ಒಂಬತ್ತು ಗಂಟೆಗೆ ನಂದನ, ಸುಧಾರಾಣಿ ಇಬ್ಬರೂ ಗ್ರಂಥಾಲಯಕ್ಕೆ ಬರುತ್ತಾರೆ. ಮುಖ ನೋಡಿದರೇ ತಿಳಿಯುತ್ತದೆ, ರಾತ್ರಿಯೆಲ್ಲ ಯೋಚಿಸಿ ಏನೋ ತೀರ್ಮಾನಿಸಿದ್ದಾರೆ.

"ಅಕ್ಕಾ, ವಕೀಲ್ರ ಲೇಖನ ಇದ್ದಂಗ ಅಚ್ಚಿಗೆ ಕಳಸತೇವ್ರಿ," ಎನ್ನುತ್ತಾರೆ ನಂದನ.

"ಯಾಕ?"

"ನಿಮ್ಮ ಸಲುವಾಗೇ ಅಕ್ಕಾ," ಎಂದು ಸುಧಾರಾಣಿ ಅವರ ಕೈ ಹಿಡಿಯುತ್ತಾರೆ. "ನೀವು ಮೊದಲು ಖಾಯಂ ಆಗ್ರಿ. ಹೆಂಗೂ ಯಾರ ಓದತಾರ ಇದನ್ನ?"

ಮುಮ್ತಾಜಬಿ ಕೈ ಬಿಡಿಸಿಕೊಳ್ಳುತ್ತಾರೆ. ಒರೆಸುತ್ತಿದ್ದ ಪುಸ್ತಕ ಕೆಳಗಿಡುತ್ತಾರೆ.

"ನಾ ಓದತೇನಿ," ಎನ್ನುತ್ತಾರೆ. "ನಾಳೆ ಯಾವನೋ ಒಬ್ಬ ಇದನ್ನ ಹಿಡಕೊಂಡು ಕೋರ್ಟಿಗೆ ಹೋಗತಾನ. ಗುಡಸಾಕಿ ಉಡಿಯಾಗಿಂದು ಕಸಕೊಳ್ಳಾಕ. ಅಡಿಟಿಪ್ಪಣಿ ಯಾರು ನೋಡಿದ್ರು ಅಂತ ಕೇಳಿದ್ರ, ಮುಮ್ತಾಜಬಿ ನೋಡಿದ್ಳು ಅನ್ನಬೇಕೇನು? ನನ್ನ ಸಲುವಾಗಿ ಅಂತ ಸುಳ್ಳ ಮಾಡಬ್ಯಾಡ್ರಿ ತಂಗಿ. ನಿಮ್ಮ ಸಲುವಾಗಿ ಬೇಕಾದ್ರ ಮಾಡಕೋರಿ, ಆವಾಗ ನಿಮ್ಮನ್ನ ಬೈತೇನಿ."

ನಂದನ ಲೇಖನದ ಕಟ್ಟನ್ನು ತಿರುಗಿ ಮೇಜಿನ ಮೇಲಿಡುತ್ತಾರೆ.

"ಹೋಗ್ರಿ, ಚಾ ಕುಡದು ಬರ್ರಿ. ಲಗೂ ಬರಬ್ಯಾಡ್ರಿ."

ಚಹಾ ಮುಗಿಸಿ ಬಂದಾಗ ಪತ್ರ ಸಿದ್ಧವಿದೆ. ಏಳು ತಿಂಗಳಲ್ಲಿ ಆಗದ್ದು ಆರು ಸಾಲಿನಲ್ಲಿ ಮುಗಿದಿದೆ:

'ವಕೀಲ ಸಾಹೇಬರಿಗೆ ಸಲಾಮು. ನೀವು ಬರೆದ ನಲವತ್ತೆರಡನೇ ಪುಟ ನೋಡಲು ನಾನು ಕದರಮಂಡಲಗಿಗೆ ಹೋಗಿದ್ದೆ. ಪುಸ್ತಕ ಮೂವತ್ತೆಂಟಕ್ಕೆ ಮುಗಿಯುತ್ತದೆ. ತೀರ್ಪು ಮೂವತ್ತೊಂದರಲ್ಲಿದೆ, ಆದರೆ ಉಲ್ಟಾ ಇದೆ. ನಕಲು ಇಟ್ಟಿದ್ದೇನೆ. ತಿದ್ದಿ ಕಳಿಸಿರಿ, ಹುಡುಗರ ಅಂಕ ನಿಂತಿದೆ.'

ನಂದನ ಎರಡು ಸಲ ಓದುತ್ತಾರೆ. "ಯುಗಾದಿ ಶುಭಾಶಯ ಅಂತ ಒಂದ್ ಸಾಲು ಸೇರಸೂಣೇನ್ ಅಕ್ಕಾ?"

"ಸೇರಸಿದ್ರ ಇದೂ ಯುಗಾದಿ ದಾಟತೈತಿ."

ಮಧ್ಯಾಹ್ನದ ಬಿಸಿಲಿನಲ್ಲಿ ಮುಮ್ತಾಜಬಿ ತಾವೇ ಅಂಚೆ ಕಚೇರಿಗೆ ನಡೆಯುತ್ತಾರೆ. ರಿಜಿಸ್ಟರ್ ಮಾಡಬೇಕು, ಮುಟ್ಟಿಲ್ಲ ಎನ್ನಲು ಬರಬಾರದು. ಕಿಟಕಿಯಾಚೆಯ ಗುಮಾಸ್ತ ಲಕೋಟೆ ತೂಗಿ, ತಿರುಗಿಸಿ ನೋಡುತ್ತಾನೆ.

"ಕಳಸೋರ ಹೆಸರು ಬರದಿಲ್ಲಲ್ರಿ ಅಕ್ಕಾರ."

ಸಂಪಾದಕ ಮಂಡಳಿ ಎಂದಷ್ಟೇ ಬರೆಯಿರಿ ಎಂದು ಸುಧಾರಾಣಿ ಹೇಳಿ ಕಳಿಸಿದ್ದಾರೆ. ದಾರದಿಂದ ಕಟ್ಟಿದ ಪೆನ್ನನ್ನು ಮುಮ್ತಾಜಬಿ ಎಳೆದುಕೊಳ್ಳುತ್ತಾರೆ. ಆಮೇಲೆ ಅಕ್ಷರ ಅಕ್ಷರ ನಿಲ್ಲಿಸಿ ಬರೆಯುತ್ತಾರೆ. ಗುಮಾಸ್ತ ಅದನ್ನು ಗಟ್ಟಿಯಾಗಿ ಓದುತ್ತಾನೆ.

"ಮುಮ್ತಾಜಬಿ, ಅಡಿಟಿಪ್ಪಣಿ ನೋಡುವಾಕಿ, ಕಾನೂನು ಕಾಲೇಜು, ಹಾವೇರಿ." ತಲೆ ಎತ್ತುತ್ತಾನೆ. "ಹಿಂಗೊಂದು ನೌಕರಿ ಐತೇನ್ರಿ? ಖಾಯಂ ಏನು?"

"ಕೆಲಸ ಖಾಯಂ ಐತ್ರಿ," ಎನ್ನುತ್ತಾರೆ ಮುಮ್ತಾಜಬಿ. "ನಾ ಇನ್ನೂ ಆಗಿಲ್ಲ. ನೀವು ಶಿಕ್ಕಾ ಒತ್ರಿ."

ಗುಮಾಸ್ತ ನಗುತ್ತಲೇ ಶಿಕ್ಕಾ ಒತ್ತಿ, ಪತ್ರವನ್ನು ರಾಣೆಬೆನ್ನೂರಿನ ಚೀಲಕ್ಕೆ ಹಾಕುತ್ತಾನೆ.