ಶಬ್ದದ ದಾರಿಯಲ್ಲಿ ಮೂರು ಬರೆ

ಕೋವಿಡ್ ಗದ್ದಲ ತಣ್ಣಗಾಗಿ ಎರಡು ವರ್ಷವಾಗಿತ್ತು. ಕೊರಟಗೆರೆ, ಸಿರಾ, ಮಧುಗಿರಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ರೇಡಿಯಾಲಜಿಸ್ಟ್ ಆಗಿ ದುಡಿದು ನಾನು ನಿವೃತ್ತಳಾಗಿದ್ದೆ. ವಾರದಲ್ಲಿ ನಾಲ್ಕು ದಿನ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದೆ. ಅಲ್ಲಿ ಫೋಕಸ್ಡ್ ಅಲ್ಟ್ರಾಸೌಂಡ್ ಯಂತ್ರ ಹೊಸದಾಗಿ ಬಂದಿತ್ತು. ಇನ್ನೆರಡು ದಿನ ಮಧುಗಿರಿಯ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಕೂರುತ್ತಿದ್ದೆ. ಮೆಹಬೂಬ್ ಸಾಬರನ್ನು ನಾನು ಮೊದಲು ನೋಡಿದ್ದು ಅಲ್ಲೇ.

ಐವತ್ತೆಂಟು ವಯಸ್ಸು, ಸಿರಾದಲ್ಲಿ ಹತ್ತಿಯ ಹಾಸಿಗೆ ಹೊಲಿಯುವ ಕಸುಬು. ಹೆಂಡತಿ ಶಮೀಮ್ ಬಿಯ ಭುಜ ಹಿಡಿದುಕೊಂಡು, ಸೊಂಟ ಬಗ್ಗಿಸಿಕೊಂಡೇ ಒಳಗೆ ಬಂದರು. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಮೇಜಿನ ಮೇಲೆ ಮಲಗಿ ಎಂದೆ. ಅವರು ನಕ್ಕರು.

"ಅದೊಂದ್ ಬುಟ್ಟು ಬೇರೆ ಏನಾದ್ರೂ ಹೇಳಿ ಡಾಕ್ಟ್ರಮ್ಮ. ಸಿರಾದಾಗೆ ಅರ್ಧ ಊರು ನಾನು ಹೊಲ್ದಿರೋ ಹಾಸ್ಗೆ ಮ್ಯಾಲೆ ಮಲಗ್ತದೆ. ನಂಗೇ ಮಲಗಾಕೆ ಆಗ್ತಾ ಇಲ್ಲ."

ಎರಡು ತಿಂಗಳಿಂದ ಅವರು ಕುಳಿತೇ ನಿದ್ದೆ ಮಾಡುತ್ತಿದ್ದರು; ತೊಡೆಯ ಮೇಲೆ ದಿಂಬಿಟ್ಟುಕೊಂಡು, ಅದರ ಮೇಲೆ ಮುಖವಿಟ್ಟು. ಮಲಗಿದರೆ ಹೊಟ್ಟೆಯ ನೋವು ಬೆನ್ನಿಗೆ ಚುಚ್ಚಿಕೊಂಡು ಹೋಗುತ್ತದೆ, ಮುಂದಕ್ಕೆ ಬಗ್ಗಿದರೆ ತುಸು ತಗ್ಗುತ್ತದೆ. ಈ ಒಂದು ಮಾತೇ ನನ್ನನ್ನು ಹೆದರಿಸಿತು. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಂತೆ ಇರುತ್ತದೆ. ಅದರ ಬೆನ್ನಿಗೇ ನರಗಳ ಒಂದು ಗೊಂಚಲು. ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಆ ನರಗಳನ್ನು ಹಿಡಿದುಕೊಂಡಾಗ ಮನುಷ್ಯ ಹೀಗೇ ಬಾಗಿ ಕೂರುತ್ತಾನೆ.

ಒಂದು ಮಗ್ಗುಲಿಗೆ ಒರಗಿಸಿ ಸ್ಕ್ಯಾನ್ ಮಾಡಿದೆ. ಪಿತ್ತನಾಳ ಊದಿಕೊಂಡಿತ್ತು. ಅದರ ಕೆಳಗೆ ನಾಲ್ಕು ಸೆಂಟಿಮೀಟರಿನ ಕಪ್ಪು ಗೆಡ್ಡೆ, ಮುಖ್ಯವಾದ ಒಂದು ರಕ್ತನಾಳವನ್ನು ಸುತ್ತುವರಿದು ಕೂತಿತ್ತು. ನನ್ನ ಕೈ ತಾನಾಗಿ ನಿಂತಿತು. ಶಮೀಮ್ ಬಿ ಸ್ಕ್ರೀನ್ ಕಡೆ ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು.

ಬೆಂಗಳೂರಿನ ಪರೀಕ್ಷೆಗಳು ನನ್ನ ಅನುಮಾನವನ್ನೇ ಎತ್ತಿಹಿಡಿದವು. ಕ್ಯಾನ್ಸರ್; ಆಪರೇಷನ್ ಮಾಡಿ ತೆಗೆಯುವ ಹಂತ ದಾಟಿತ್ತು. ಕಟ್ಟಿಕೊಂಡಿದ್ದ ಪಿತ್ತ ಹರಿದುಹೋಗಲು ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟರು. ಕಣ್ಣಿನ ಹಳದಿ ಇಳಿಯಿತು. ಎರಡು ಸುತ್ತಿನ ಕೀಮೋಥೆರಪಿ ದೇಹಕ್ಕೆ ತಡೆಯಲಿಲ್ಲ, ನಿಲ್ಲಿಸಬೇಕಾಯಿತು. ಮಾರ್ಫಿನ್ ಮಾತ್ರೆ ಕೊಟ್ಟರೆ ಮಂಪರು, ವಾಂತಿ, ಮಲಬದ್ಧತೆ. ನೋವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಆಗ ನಮ್ಮ ತಂಡ ಫೋಕಸ್ಡ್ ಅಲ್ಟ್ರಾಸೌಂಡ್ ಮಾಡಿ ನೋಡೋಣವೆಂದು ತೀರ್ಮಾನಿಸಿತು. ಉದ್ದೇಶ ನೋವು ತಗ್ಗಿಸುವುದಷ್ಟೇ.

ಒಂದು ಶನಿವಾರ ಮಧುಗಿರಿಯಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ನಾನೇ ವಿವರಿಸಿದೆ. ಭೂತಗನ್ನಡಿ ಹಿಡಿದರೆ ಬಿಸಿಲೆಲ್ಲ ಒಂದು ಚುಕ್ಕೆಯಲ್ಲಿ ಸೇರಿ ಕಾಗದ ಸುಡುತ್ತದಲ್ಲ, ಹಾಗೆ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಒಂದೇ ಚುಕ್ಕೆಯಲ್ಲಿ ಸೇರಿಸುತ್ತೇವೆ. ಆ ಚುಕ್ಕೆಯಲ್ಲಿ ಅರವತ್ತು ಡಿಗ್ರಿಗೂ ಮೇಲೆ ಬಿಸಿಯೇರುತ್ತದೆ. ಸ್ಕ್ಯಾನ್ ಚಿತ್ರ ನೋಡುತ್ತಲೇ ಗುರಿಯಿಡುವುದರಿಂದ ಚಾಕು ಬೇಡ, ಹೊಲಿಗೆ ಬೇಡ. ಕಾಯಿಲೆ ವಾಸಿಯಾಗುವುದಿಲ್ಲ, ನೋವು ಕಡಿಮೆಯಾಗಬಹುದು, ಎಲ್ಲರಿಗೂ ಆಗುತ್ತದೆಂಬ ಖಾತರಿಯಿಲ್ಲ. ಇಷ್ಟನ್ನೂ ಹೇಳಿದೆ. ಚೆನ್ನಾಗಿ ಹೇಳಿದೆನೆಂದೇ ಅಂದುಕೊಂಡೆ. ಶಮೀಮ್ ಬಿ ಒಂದೇ ಪ್ರಶ್ನೆ ಕೇಳಿದರು.

"ಗಂಟು ಸುಟ್ರೆ ದರ್ದ್ ಹೋಗ್ತದಾ ಡಾಕ್ಟ್ರಮ್ಮ?"

"ಹೌದಮ್ಮ, ಸುಟ್ಟರೆ ನೋವು ಕಡಿಮೆಯಾಗುತ್ತೆ" ಎಂದೆ. ಮೂರು ವಾರದ ನಂತರಕ್ಕೆ ದಿನ ಗೊತ್ತುಮಾಡಿದೆವು.

ಹೊಟ್ಟೆಯಲ್ಲಿ ಗ್ಯಾಸ್ ಇದ್ದರೆ ಶಬ್ದ ಮುಂದೆ ಹೋಗುವುದಿಲ್ಲ. ಹಾಗಾಗಿ ಮೂರು ದಿನ ಮೊದಲೇ ಕಾಳು, ಹಾಲು, ಸೊಪ್ಪು ನಿಲ್ಲಿಸಿ, ಕರುಳು ಖಾಲಿ ಮಾಡಿಸಿ ರೋಗಿಯನ್ನು ಸಜ್ಜು ಮಾಡಬೇಕು. ಅದೆಲ್ಲವನ್ನೂ ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಚಿಕಿತ್ಸೆಯ ದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ನಾನು ಯಂತ್ರ ಪರೀಕ್ಷಿಸುತ್ತಿದ್ದಾಗ ವಾರ್ಡಿನಿಂದ ಸಿಸ್ಟರ್ ಲಲಿತಾ ಫೋನ್ ಮಾಡಿದರು.

"ಮೇಡಂ, ನೀವೇ ಒಂದ್ಸಲ ಬಂದು ನೋಡಿ."

ಮೆಹಬೂಬ್ ಸಾಬರು ಮಂಚದ ಅಂಚಿನಲ್ಲಿ ಬಾಗಿ ಕೂತಿದ್ದರು. ಹೊಟ್ಟೆಯ ಕೂದಲು ತೆಗೆಯಲೆಂದು ಸಿಸ್ಟರ್ ಅಂಗಿ ಎತ್ತಿದ್ದರು. ಎದೆಗೂಡು ಮುಗಿಯುವಲ್ಲಿಂದ ಹೊಕ್ಕುಳಿನ ತನಕ ಮೂರು ಬರೆ. ಬೆರಳುದ್ದ, ಒಂದರ ಕೆಳಗೊಂದು. ಮೇಲಿನದು ಒಣಗುತ್ತಿತ್ತು. ನಡುವಿನದರಲ್ಲಿ ಇನ್ನೂ ಕೀವಿತ್ತು. ಶಬ್ದವನ್ನು ಒಳಗೆ ಕಳಿಸಲು ನಾನು ಗುರುತು ಮಾಡಿಟ್ಟುಕೊಂಡಿದ್ದ ಜಾಗ ಅದೇ.

ಯಾರು ಹಾಕಿದ್ದು ಎಂದು ಕೇಳಿದೆ. ಸಾಬರು ಹೆಂಡತಿಯ ಮುಖ ನೋಡಿದರು. ಆಕೆ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡರು.

"ಪಾವಗಡದ ಕಡೆ ಒಬ್ಬ ತಾತ ಅವ್ನೆ. ಕಾಮಾಲೆಗೆ ಬರೆ ಹಾಕ್ತಾನೆ. 'ಮೂಡು ರೋಜುಲು ಉಪ್ಪು ತಿನವದ್ದು' ಅಂದ, ಮೂರು ದಿನ ಉಪ್ಪೂ ಕೊಡ್ಲಿಲ್ಲ ನಾನು."

"ಕಾಮಾಲೆ ಇಳಿದಿತ್ತಲ್ಲಮ್ಮ, ಮತ್ತೆ ಯಾಕೆ?"

"ಕಾಮಾಲೆಗಲ್ಲ, ದರ್ದ್‌ಗೆ. ನೀವೇ ಹೇಳಿದ್ರಲ್ಲ, ಸುಟ್ರೆ ಕಮ್ಮಿ ಆಗ್ತದೆ ಅಂತ. ನೀವು ಸುಡೋಕೆ ಮೂರು ವಾರ ಅಂದ್ರಿ. ಇವ್ರು ದಿಂಬು ಕಚ್ಕೊಂಡು ಅಳ್ತಾ ಇದ್ರು. ಅವ್ನೂ ಸುಡೋನೇ ತಾನೇ ಅಂದ್ಕೊಂಡ್ಬುಟ್ಟೆ."

ಲಲಿತಾ ಟ್ರೇ ಎತ್ತಿಕೊಂಡು ಹೊರಗೆ ಹೋದರು. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ನನ್ನದೇ ಮಾತು ಅಡ್ಡ ನಿಂತಿತು.

ಸುಟ್ಟ ಚರ್ಮದ ಮೇಲೆ ಈ ಚಿಕಿತ್ಸೆ ಮಾಡುವಂತಿಲ್ಲ. ಗಾಯದ ಕಲೆ ಶಬ್ದವನ್ನು ತಾನೇ ಹೀರಿಕೊಳ್ಳುತ್ತದೆ. ಬಿಸಿ ಒಳಗಿನ ಗೆಡ್ಡೆಗೆ ಹೋಗದೆ ಚರ್ಮದಲ್ಲೇ ನಿಂತುಬಿಡುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ರೋಗಿಗೆ ಪೂರ್ತಿ ಅರಿವಳಿಕೆ ಕೊಡದೆ ಅರೆ ಮಂಪರಿನಲ್ಲಿ ಇಡುವುದೇ, ಚರ್ಮ ಬಿಸಿಯಾದರೆ ಅವರು ಹೇಳಲಿ ಎಂದು. ಬರೆ ಬಿದ್ದ ಚರ್ಮಕ್ಕೆ ಸ್ಪರ್ಶಜ್ಞಾನವೇ ಇರುವುದಿಲ್ಲ. ಸುಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಗಾಯ ಮಾಯುವವರೆಗೆ ಮುಂದೂಡಿದೆವು. ಆರು ವಾರ ಹಿಡಿಯಿತು. ಮಾರ್ಫಿನ್ ಪ್ರಮಾಣ ಎರಡು ಸಲ ಏರಿಸಿದೆವು. ಪ್ರತಿ ಶನಿವಾರ ಅವರು ಸಿರಾದಿಂದ ಬಸ್ಸಿನಲ್ಲಿ, ಮುಂದಿನ ಸೀಟಿನ ಕಂಬಿಗೆ ತಲೆಯಾನಿಸಿಕೊಂಡು ಮಧುಗಿರಿಗೆ ಬರುತ್ತಿದ್ದರು. ಪ್ರತಿ ಶನಿವಾರ ನಾನು ಆ ಕಪ್ಪು ಗೆಡ್ಡೆಯನ್ನು ಅಳೆಯುತ್ತಿದ್ದೆ. ಜಠರದಿಂದ ಹೊರಡುವ ಸಣ್ಣ ಕರುಳಿನ ಮೊದಲ ತುಂಡು, ಡ್ಯುಯೋಡಿನಮ್, ಗೆಡ್ಡೆಯ ಪಕ್ಕದಲ್ಲೇ ಇರುತ್ತದೆ. ಗೆಡ್ಡೆ ಅದರ ಗೋಡೆಯನ್ನು ಹೊಕ್ಕರೆ ಚಿಕಿತ್ಸೆಯ ಬಾಗಿಲು ಮುಚ್ಚಿದಂತೆಯೇ. ಅಲ್ಲಿ ಬಿಸಿ ಕೊಟ್ಟರೆ ಕರುಳು ತೂತಾಗುತ್ತದೆ. ಮೊದಲ ವಾರ ಅವೆರಡರ ನಡುವೆ ಕಾಣುತ್ತಿದ್ದ ತೆಳು ಬಿಳಿ ಗೆರೆ ನಾಲ್ಕನೇ ವಾರ ಕೂದಲಿನಷ್ಟಾಯಿತು. ಐದನೇ ವಾರ ಒಂದು ಕಡೆ ಕಾಣಲೇ ಇಲ್ಲ. ನಾನು ಸುಮ್ಮನೆ ಜೆಲ್ ಒರೆಸಿದೆ.

"ಏನಾಯ್ತು ಹೇಳ್ಬುಡಿ ಡಾಕ್ಟ್ರಮ್ಮ" ಎಂದರು ಸಾಬರು. "ನಮ್ಮಾಕೆ ಮುಂದೆ ಬೇಡ, ನಂಗೊಬ್ಬಂಗೇ ಹೇಳಿ."

ಜಾಗ ಕಿರಿದಾಗುತ್ತಿದೆ ಎಂದೆ. ಅವರು ತಲೆಯಾಡಿಸಿದರು. "ಅವ್ಳಿಗೆ ಏನೂ ಅನ್ಬೇಡಿ. ಬರೆ ಹಾಕುವಾಗ ನನ್ ಕೈ ಹಿಡ್ಕೊಂಡಿದ್ದು ಅವ್ಳೇ. ನನಗಿಂತ ಜೋರಾಗಿ ಅವ್ಳು ಕೂಗಿದ್ಲು."

ಆರನೇ ವಾರ ಮುಗಿದ ಮೇಲೆ ಮಾಡಿದೆವು. ಮೇಲಿನ ಮತ್ತು ನಡುವಿನ ಬರೆಯ ನಡುವೆ ಎರಡು ಬೆರಳಗಲ ಒಳ್ಳೆಯ ಚರ್ಮವಿತ್ತು. ಯಂತ್ರವನ್ನು ಓರೆಯಾಗಿಟ್ಟು ಅಷ್ಟರಲ್ಲೇ ಶಬ್ದ ಹಾಯಿಸಬೇಕು. ಗೆಡ್ಡೆಯ ಹಿಂಭಾಗ, ನರಗಳ ಕಡೆಯದು, ಗುರಿ. ಕರುಳಿಗೆ ತಾಗಿದ ಭಾಗವನ್ನು ಮುಟ್ಟಬಾರದು. ಮಂಪರಿನ ಮದ್ದು ಕೊಟ್ಟು ಮಲಗಿಸಿದೆವು; ಯಂತ್ರದ ತುದಿಯ ತಣ್ಣೀರು ತುಂಬಿದ ಚೀಲ ಹೊಟ್ಟೆಯ ಮೇಲೊತ್ತಿತು. ಅವರು ಉಸಿರೆಳೆದಾಗಲೆಲ್ಲ ಗೆಡ್ಡೆ ಜಾರಿ ಕೆಳಗಿಳಿಯುತ್ತಿತ್ತು, ಬಿಟ್ಟಾಗ ಮೇಲೆ ಬರುತ್ತಿತ್ತು. ಬಿಟ್ಟ ಉಸಿರಿನ ಕೊನೆಗೆ ಕಾದು, ಶಬ್ದ ಹಾಯಿಸುವ ಪೆಡಲ್ ಒತ್ತುತ್ತಿದ್ದೆ. ಪ್ರತಿ ಸಲ ಶಬ್ದ ಕೊಟ್ಟ ಮೇಲೂ ಚೀಲ ಎತ್ತಿ ಬರೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಅವರ ಚರ್ಮ ಹೇಳಲಾರದ್ದನ್ನು ನನ್ನ ಬೆರಳು ಹೇಳಬೇಕಿತ್ತು.

ಎರಡು ಗಂಟೆಯ ಕೆಲಸ ನಾಲ್ಕು ಗಂಟೆ ಎಳೆಯಿತು. ಕಪ್ಪು ಗೆಡ್ಡೆಯಲ್ಲಿ ಒಂದೊಂದೇ ಬಿಳಿ ಚುಕ್ಕೆ ಮೂಡತೊಡಗಿತು. ಅಂದರೆ ಅಷ್ಟು ಭಾಗ ಸತ್ತಿದೆ ಎಂದರ್ಥ. ಅರ್ಧ ದಾಟಿದಾಗ ಸಾಬರು ಇದ್ದಕ್ಕಿದ್ದಂತೆ ಕೆಮ್ಮಿದರು. ಚಿತ್ರವೆಲ್ಲ ಕದಲಿತು. ಪೆಡಲ್‌ನಿಂದ ಕಾಲು ಎತ್ತಿದೆ. ಚಿತ್ರ ನಿಂತಾಗ ಗುರಿಯ ಚುಕ್ಕೆ ಕರುಳಿನ ಗೋಡೆಯ ಮೇಲೆ ಕೂತಿತ್ತು. ಒಂದು ಕ್ಷಣ ತಡವಾಗಿದ್ದರೆ?

ಅರಿವಳಿಕೆ ವೈದ್ಯರು "ಇನ್ನೂ ಸ್ವಲ್ಪ ಉಳಿದಿದೆಯಲ್ಲ?" ಎಂದರು.

"ಉಳಿಯಲಿ. ಸಾಕು" ಎಂದೆ.

ಮೂರು ದಿನ ಹೆದರಿಕೆಯಲ್ಲೇ ಕಳೆದೆವು. ಜ್ವರ ಬರಬಹುದು, ಹೊಟ್ಟೆ ಬಿಗಿಯಬಹುದು, ಗ್ರಂಥಿಯೇ ಊದಿಕೊಳ್ಳಬಹುದು. ದಿನಕ್ಕೆರಡು ಸಲ ರಕ್ತಪರೀಕ್ಷೆ ಮಾಡಿಸಿದೆವು. ನಡುವಿನ ಬರೆಯ ಅಂಚಿನಲ್ಲಿ ಸಣ್ಣ ಗುಳ್ಳೆಯೆದ್ದಿತು, ಅಷ್ಟೇ. ನಾಲ್ಕನೆಯ ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಸಾಬರು ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಶಮೀಮ್ ಬಿ ಬಾಗಿಲಲ್ಲೇ ನನ್ನನ್ನು ತಡೆದರು, ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿದರು.

ನೋವು ಪೂರ್ತಿ ಹೋಗಲಿಲ್ಲ. ಮಾತ್ರೆ ಅರ್ಧಕ್ಕಿಳಿಯಿತು. ಐದು ತಿಂಗಳು ಬದುಕಿದ್ದರು. ಕೊನೆಯ ತಿಂಗಳು ನೋವು ಮತ್ತೆ ಬಂತು. ಮತ್ತೊಮ್ಮೆ ಚಿಕಿತ್ಸೆ ಮಾಡಲು ಆ ಬಿಳಿ ಗೆರೆ ಎಲ್ಲೂ ಉಳಿದಿರಲಿಲ್ಲ.

ಸಾಬರು ತೀರಿಕೊಂಡ ನಲವತ್ತನೆಯ ದಿನ ಕಳೆದ ಮೇಲೆ ಸಿರಾದ ಅವರ ಮನೆಗೆ ಹೋದೆ. ಶಮೀಮ್ ಬಿ ಚಹಾ ತಂದಿಟ್ಟು ಎದುರಿಗೆ ಕೂತರು. ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದರು.

"ಬರೆ ಹಾಕಿಸ್ದೆ ಇದ್ದಿದ್ರೆ ಇನ್ನೂ ಎಷ್ಟು ದಿನ ಇರ್ತಿದ್ರು?"

"ಇದು ಆಯಸ್ಸು ಹೆಚ್ಚಿಸುವ ಚಿಕಿತ್ಸೆ ಆಗಿರಲಿಲ್ಲಮ್ಮ. ದಿನ ಬಹುಶಃ ಅಷ್ಟೇ ಇರುತ್ತಿತ್ತು. ಆದರೆ ಆ ಆರು ವಾರದ ನೋವು…" ಎಂದು ನಿಲ್ಲಿಸಿದೆ. ಸುಳ್ಳು ಹೇಳಲಾಗಲಿಲ್ಲ.

"ಅದು ನಾನು ಕೊಟ್ಟಿದ್ದು" ಎಂದರು ಆಕೆ.

"ಅರ್ಧ ನಾನು ಕೊಟ್ಟದ್ದು" ಎಂದೆ. ಅವರು ಲೋಟವನ್ನು ನನ್ನ ಕಡೆ ಸರಿಸಿದರು. ಚಹಾ ಆರಿಹೋಗ್ತದೆ, ಕುಡೀರಿ ಎಂದರು.

ರೋಗಿಗೆ ವಿವರಿಸುವುದೂ ಚಿಕಿತ್ಸೆಯ ಒಂದು ಭಾಗವೆಂದು ನಾನು ಕಿರಿಯ ವೈದ್ಯರಿಗೆ ಪಾಠ ಮಾಡಿದವಳು. ಆದರೆ ನಾನು ಹೇಳಿದ್ದು ಅವರ ಮನೆ ತಲುಪುವಷ್ಟರಲ್ಲಿ ಏನಾಯಿತೆಂದು ಎಂದೂ ವಿಚಾರಿಸಿರಲಿಲ್ಲ. ಈಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಒಂದು ಮಾತು ಕೇಳುತ್ತೇನೆ: "ಮನೆಗೆ ಹೋಗಿ ಇದನ್ನು ನಿಮ್ಮವರಿಗೆ ಹೆಂಗೆ ಹೇಳ್ತೀರಿ? ನನಗೇ ಒಂದ್ಸಲ ಹೇಳಿ." ಅದಕ್ಕೆ ಹತ್ತು ನಿಮಿಷ ಬೇಕಾಗುತ್ತದೆ, ಹೊರಗೆ ಸಾಲಿನಲ್ಲಿರುವವರು ಗೊಣಗುತ್ತಾರೆ. ಆ ಹತ್ತು ನಿಮಿಷದಲ್ಲಿ ಕೇಳಿಸಿಕೊಂಡದ್ದು ಎಷ್ಟೋ ಸಲ ಸ್ಕ್ರೀನಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದೆ.